ಕಪ್‌ಕೇಕ್ ಮಾಡುವವರಿಗೂ ವೀಳ್ಯ ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಹತ್ತಿರ ಬಂತು. ಕ್ರಿಸ್‌ಮಸ್, ಹೊಸ ವರ್ಷ, ಸ್ಕೂಲ್ ಡೇ, ಆಫೀಸಿನ ಪಾರ್ಟಿ ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಮೈಸೂರಿನಲ್ಲಿ ನನ್ನ ಹಾಗೆ ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಗಸರಿಗೆ ಈಗಿಂದಲೇ ಫೋನ್ ಬರುತ್ತಿವೆ. ಅದರಲ್ಲಿ ಒಂದೆರಡು ದೊಡ್ಡ ಆರ್ಡರ್ ಇದ್ದೇ ಇರುತ್ತವೆ. ಐನೂರು ಕಪ್‌ಕೇಕ್, ಸಾವಿರ ಕಪ್‌ಕೇಕ್. ಅಂಥ ಆರ್ಡರ್ ಕೊಡುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಾಗಿದೆ. ಅರ್ಧ ದುಡ್ಡು ಮೊದಲೇ ಕೊಡಿ. ಎಷ್ಟು ಬೇಕು ಅನ್ನುವ ಲೆಕ್ಕವನ್ನು ಒಂದು ವಾರ ಮೊದಲೇ ಗಟ್ಟಿ ಮಾಡಿ. ಬಾಕಿಯನ್ನು ಡಬ್ಬಿ ಇಳಿಸಿಕೊಂಡ ದಿನವೇ ಕೊಟ್ಟುಬಿಡಿ. ಯಾಕೆ ಹೀಗೆ ಕೇಳುತ್ತಿದ್ದೇನೆ ಅಂತ ತಿಳಿಯಬೇಕಾದರೆ ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು.

ನಮ್ಮ ಮನೆ ಇರುವುದು ಕುವೆಂಪುನಗರದಲ್ಲಿ. ಏಳು ವರ್ಷದಿಂದ ಕೇಕ್ ಮಾಡುತ್ತಿದ್ದೇನೆ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶ, ಇಂಥವೇ ಜಾಸ್ತಿ. ಒಂದು ಕೆ.ಜಿ. ಕೇಕು, ಇಲ್ಲವೇ ಇಪ್ಪತ್ತು ಮೂವತ್ತು ಕಪ್‌ಕೇಕ್. ಮೊಟ್ಟೆ ಹಾಕದ್ದನ್ನೇ ಮಾಡುತ್ತೇನೆ, ನನ್ನ ಹತ್ತಿರ ಬರುವವರು ಅದನ್ನೇ ಕೇಳುವುದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದೇನೆ. ಆ 14 ಅಂಕಿಯ ನಂಬರಿನ ಚೀಟಿ ಪ್ರತಿ ಡಬ್ಬಿಯ ಮೇಲೂ ಇರುತ್ತದೆ.

ಜನವರಿ ಕೊನೆಯಲ್ಲಿ ಒಂದು ಸಂಸ್ಥೆಯಿಂದ ಫೋನ್ ಬಂತು. ಯಾವುದು ಅಂತ ಬರೆಯುವುದಿಲ್ಲ. ಅವರ ವಾರ್ಷಿಕೋತ್ಸವಕ್ಕೆ 1,200 ಕಪ್‌ಕೇಕ್ ಬೇಕು ಅಂದರು. ಅರ್ಧ ಚಾಕೊಲೇಟ್, ಅರ್ಧ ವೆನಿಲಾ, ಮೇಲೆ ಅವರ ಸಂಸ್ಥೆಯ ನೀಲಿ ಬಣ್ಣದ ಕ್ರೀಮ್. ಒಂದಕ್ಕೆ 35 ರೂಪಾಯಿ ಅಂತ ಮಾತಾಯಿತು. ಒಟ್ಟು 42 ಸಾವಿರ. ಅಷ್ಟು ದೊಡ್ಡ ಆರ್ಡರ್ ನನಗೆ ಅದುವರೆಗೆ ಬಂದಿರಲಿಲ್ಲ. ಮುಂಗಡ ಕೇಳಿದೆ. 'ನಾವೇನು ಓಡಿಹೋಗ್ತೀವಾ ಮೇಡಂ? ನೀವು ಬಿಲ್ ಕೊಡಿ, ಅಕೌಂಟ್ಸ್‌ನಿಂದ ದುಡ್ಡು ಬರುತ್ತೆ' ಅಂದರು. ಎರಡನೇ ಸಲ ಕೇಳಿದ ಮೇಲೆ 5 ಸಾವಿರ ಕಳಿಸಿದರು.

5 ಸಾವಿರದಲ್ಲಿ 1,200 ಕಪ್‌ಕೇಕಿನ ಸಾಮಾನು ಬರುವುದಿಲ್ಲ. ನನ್ನ ಅಳತೆಯಲ್ಲಿ 24 ಕಪ್‌ಕೇಕಿಗೆ 300 ಗ್ರಾಂ ಮೈದಾ, 240 ಗ್ರಾಂ ಸಕ್ಕರೆ, ಹತ್ತಿರ ಹತ್ತಿರ 400 ಗ್ರಾಂ ಮೊಸರು, ಒಂದು ದೊಡ್ಡ ಲೋಟ ಎಣ್ಣೆ ಬೇಕು. ಅದರ ಐವತ್ತು ಪಟ್ಟು ಅಂದರೆ 15 ಕೆ.ಜಿ. ಮೈದಾ, 12 ಕೆ.ಜಿ. ಸಕ್ಕರೆ, 20 ಕೆ.ಜಿ. ಮೊಸರು, 10 ಲೀಟರ್ ಎಣ್ಣೆ. ಇದರ ಮೇಲೆ ಕೋಕೋ ಪುಡಿ, ಎಸೆನ್ಸು, ಕಾಗದದ ಕಪ್ಪು, ಹನ್ನೆರಡು ಹಿಡಿಯುವ ನೂರು ಡಬ್ಬಿ, ಒಂದೊಂದು ಕೆ.ಜಿ.ಯ 24 ಪ್ಯಾಕೆಟ್ ಕ್ರೀಮ್. ಮೈದಾ ಸಕ್ಕರೆಯನ್ನು ಸಂತೆಪೇಟೆಯಿಂದ ತಂದೆವು. ಅಲ್ಲಿ ಸಗಟು ಅಂಗಡಿಯಲ್ಲಿ ನನ್ನ ಮುಖ ನೋಡಿ ಯಾರೂ ಸಾಲ ಕೊಡುವುದಿಲ್ಲ, ಕೊಡಲಿ ಅಂತ ನಾನು ಕೇಳುವುದೂ ಇಲ್ಲ. ನಮ್ಮ ಮಹಿಳಾ ಸಂಘದಿಂದ 15 ಸಾವಿರ ಸಾಲ ತೆಗೆದೆ. ಫಂಕ್ಷನ್ ಮುಗಿದ ವಾರದಲ್ಲೇ ಕಟ್ಟಿಬಿಡುತ್ತೇನೆ ಅಂತ ಸಂಘದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದೆ.

'ಮನೆಯಲ್ಲೇ ತಾನೇ ಮಾಡೋದು' ಅನ್ನುವ ಮಾತನ್ನು ನಾವು ದಿನಾ ಕೇಳುತ್ತೇವೆ. ಮನೆಯಲ್ಲೇ ಮಾಡುವುದಕ್ಕೇ ಕಷ್ಟ ಜಾಸ್ತಿ. ಬೇಕರಿಯಲ್ಲಿ ಆಳೆತ್ತರದ ಓವನ್ ಇರುತ್ತದೆ. ನನ್ನ ಹತ್ತಿರ ಇರುವುದು 60 ಲೀಟರಿನ ಒಂದು ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್. ಒಂದು ಸಲಕ್ಕೆ ಹನ್ನೆರಡು ಕಪ್‌ಕೇಕಿನ ಒಂದೇ ಟ್ರೇ ಇಡುವುದು. ಎರಡಿಟ್ಟರೆ ಮೇಲಿನದು ಕಪ್ಪಾಗುತ್ತದೆ, ಕೆಳಗಿನದು ಒಳಗೆ ಹಸಿಯಾಗಿ ಉಳಿಯುತ್ತದೆ. ಅದಕ್ಕೆ ನನ್ನ ನಾದಿನಿಯ ಓಟಿಜಿಯನ್ನೂ ತಂದುಕೊಂಡೆ. ಎರಡೂ ಸೇರಿ ಒಂದು ಸುತ್ತಿಗೆ 24. ಬೇಯುವುದಕ್ಕೆ 20 ನಿಮಿಷ, ತೆಗೆದು, ಇಟ್ಟು, ಮತ್ತೆ ಕಾವು ಬರುವುದಕ್ಕೆ ಇನ್ನು ಹತ್ತು ನಿಮಿಷ. ಅಲ್ಲಿಗೆ ಐವತ್ತು ಸುತ್ತಿಗೆ 25 ಗಂಟೆ.

ಮೊದಲ ದಿನ ಎರಡು ಓಟಿಜಿಯನ್ನೂ ಅಡುಗೆಮನೆಯಲ್ಲಿ ಒಂದೇ ಲೈನಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಎಂಸಿಬಿ ಸ್ವಿಚ್ ಟ್ರಿಪ್ ಆಗಿ ಕರೆಂಟು ಹೋಯಿತು. ಒಂದೊಂದೂ 2,000 ವ್ಯಾಟಿನದು. ಎರಡೂ ಸೇರಿದರೆ 17 ಆಂಪಿಯರ್ ದಾಟುತ್ತದೆ, ನಮ್ಮ ಲೈನು 16 ಆಂಪಿಯರಿನದು. ಒಂದನ್ನು ಹಾಲ್‌ನಲ್ಲಿರುವ ಏಸಿ ಪಾಯಿಂಟಿಗೆ ಹಾಕಿದ ಮೇಲೆ ಸರಿಹೋಯಿತು. ಮಧ್ಯಾಹ್ನ ಮುಕ್ಕಾಲು ಗಂಟೆ ಕರೆಂಟೇ ಇರಲಿಲ್ಲ. ಯುಪಿಎಸ್‌ನಲ್ಲಿ ಲೈಟು, ಫ್ಯಾನು ನಡೆಯುತ್ತವೆ, ಓಟಿಜಿ ನಡೆಯುವುದಿಲ್ಲ. ಆಗ ಒಳಗಿದ್ದ 24 ನಡುವಿನಲ್ಲಿ ಕುಸಿದು ಗುಳಿ ಬಿದ್ದವು. ಅವನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಇನ್ನೊಂದು ವಿಷಯ ಆರ್ಡರ್ ಕೊಡುವವರಿಗೆ ಗೊತ್ತಿರುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಷ್ಟವೆಲ್ಲ ಇರುವುದು ಅಲ್ಲೇ. ಹಿಟ್ಟನ್ನು ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಕಲಸಿ ಇಟ್ಟುಕೊಂಡು ಇಡ್ಲಿಯ ಹಾಗೆ ಬೇಕಾದಾಗ ಹುಯ್ದುಕೊಳ್ಳಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ಇಡ್ಲಿ ಹಿಟ್ಟು ಇಟ್ಟಷ್ಟೂ ಹುದುಗುತ್ತದೆ. ಮೊಟ್ಟೆ ಇಲ್ಲದ ಕೇಕಿನ ಹಿಟ್ಟು ಇಟ್ಟಷ್ಟೂ ಕೆಡುತ್ತದೆ. ಸೋಡಾ ಮೊಸರಿಗೆ ಬಿದ್ದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಕಿವಿಗೊಟ್ಟರೆ ಸೊಯ್ ಅಂತ ಸದ್ದೂ ಕೇಳುತ್ತದೆ. ಆ ಗುಳ್ಳೆಗಳೇ ಕಪ್‌ಕೇಕನ್ನು ಎತ್ತಿ ಹಿಡಿಯುವುದು. ಹತ್ತು ನಿಮಿಷದಲ್ಲಿ ಹಿಟ್ಟು ಓವನ್ ಒಳಗೆ ಹೋಗಬೇಕು. ತಡವಾದರೆ ಗುಳ್ಳೆ ಒಡೆದು ಹಿಟ್ಟು ಕೂತುಬಿಡುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಗಟ್ಟಿ, ಒಳಗೆಲ್ಲ ಅಂಟಂಟು. ಅದಕ್ಕೇ ಹಿಂದಿನ ದಿನ ನಾನು, ಮಗಳು ಕೂತು ಮೈದಾ, ಸಕ್ಕರೆ, ಬೇಕಿಂಗ್ ಪೌಡರನ್ನು ಒಂದೊಂದು ಸುತ್ತಿಗೆ ಆಗುವಷ್ಟು ತೂಗಿ, ಐವತ್ತು ಕವರಿಗೆ ತುಂಬಿ, ನಂಬರ್ ಬರೆದಿಟ್ಟಿದ್ದೆವು. ಸುತ್ತಿಗೆ ಒಂದು ಕವರ್ ಒಡೆಯುವುದು, ಮೊಸರಿಗೆ ಸೋಡಾ ಹಾಕುವುದು, ಕಲಸುವುದು, ಐಸ್‌ಕ್ರೀಮ್ ಸೌಟಿನಲ್ಲಿ ಅಳೆದು ಮುಕ್ಕಾಲಿಗಿಂತ ಕಡಿಮೆ ತುಂಬಿಸುವುದು. ಇದನ್ನೇ ಬೆಳಗಿನ ಜಾವ ಐದು ಗಂಟೆಯಿಂದ ಮತ್ತೆ ಮತ್ತೆ ಮಾಡಿದೆವು. ಸಹಾಯಕ್ಕೆ ಇಬ್ಬರು ಹೆಂಗಸರನ್ನು ದಿನಗೂಲಿ ಕೊಟ್ಟು ಕರೆದುಕೊಂಡಿದ್ದೆ.

ಬೆಂದ ಕಪ್‌ಕೇಕನ್ನು ಬಿಸಿಯಾಗಿರುವಾಗಲೇ ಡಬ್ಬಿಗೆ ಹಾಕುವ ಹಾಗಿಲ್ಲ. ಆವಿ ನೀರಾಗಿ ಕಾಗದದ ಕಪ್ ಕೇಕಿನಿಂದ ಬಿಟ್ಟುಕೊಳ್ಳುತ್ತದೆ. ಆರಿಸುವುದಕ್ಕೆ ಜಾಗ ಬೇಕು. ಊಟದ ಟೇಬಲ್ ತುಂಬಿತು, ದಿವಾನ ತುಂಬಿತು. ಕೊನೆಗೆ ನಮ್ಮ ಯಜಮಾನರ ಒಗೆದ ಬಿಳಿ ಪಂಚೆಗಳನ್ನು ಮಂಚದ ಮೇಲೆ ಹಾಸಿ, ಸಾಲಾಗಿ ಇಟ್ಟು, ಮೇಲೆ ಇನ್ನೊಂದು ಪಂಚೆ ಹೊದಿಸಿದೆವು. ಫ್ಯಾನ್ ಹಾಕಿದರೆ ಒಣಗುತ್ತವೆ ಅಂತ ಅದನ್ನೂ ಹಾಕಲಿಲ್ಲ. ಆ ರಾತ್ರಿ ನಮ್ಮ ಅತ್ತೆ ಪಕ್ಕದ ಮನೆಯಲ್ಲಿ ಮಲಗಿದರು. ಎಪ್ಪತ್ತನಾಲ್ಕು ವರ್ಷ ಅವರಿಗೆ. 'ಕೆಲಸ ಬಂದಿದೆ, ಮಾಡು' ಅಂತಷ್ಟೇ ಹೇಳಿ ದಿಂಬು ಹಿಡಿದುಕೊಂಡು ಹೋದರು.

ಶನಿವಾರ ಹನ್ನೊಂದು ಗಂಟೆಗೆ ಫಂಕ್ಷನ್. ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಓವನ್ ಒಳಗಿದ್ದದ್ದೂ ಸೇರಿ 984 ಆಗಿತ್ತು. ಆಗ ಫೋನ್ ಬಂತು. 'ಮೇಡಂ, ಅಷ್ಟು ಜನ ಬರ್ತಿಲ್ಲ. 850 ಸಾಕು.' ನಾನು ಆಗಲೇ ಎಷ್ಟು ಬೆಂದಿದೆ ಅಂತ ಹೇಳಿದೆ. 'ಅದು ನೀವು ಬೇರೆ ಯಾರಿಗಾದರೂ ಕೊಟ್ಕೊಳ್ಳಿ' ಅಂದು ಫೋನ್ ಇಟ್ಟರು. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಓವನ್ ಗಂಟೆ ಹೊಡೆಯಿತು. ಮಗಳು ಟ್ರೇ ತೆಗೆದು, ಮುಂದಿನ ಕವರ್ ಒಡೆಯಲಾ ಅಂತ ಕೇಳಿದಳು. ಬೇಡ ಅಂದೆ.

134 ಕಪ್‌ಕೇಕ್ ಉಳಿದವು. ಮರುದಿನ ಬೆಳಿಗ್ಗೆ ಬೀದಿ ಗುಡಿಸಲು ಬರುವ ಪೌರಕಾರ್ಮಿಕರಿಗೆ, ಪಕ್ಕದ ಮನೆಗಳಿಗೆ ಹಂಚಿದೆ. ಕೊಟ್ಟಿದ್ದಕ್ಕೆ ಬೇಸರವಿಲ್ಲ. ಆದರೆ ಹಾಗೆ ಕೊಡುವುದನ್ನು ನಾನು ಇಷ್ಟಪಟ್ಟು ತೀರ್ಮಾನ ಮಾಡಬೇಕಿತ್ತು, ಫೋನಿನಲ್ಲಿ ಇನ್ನೊಬ್ಬರು ಹೇಳಿ ಅಲ್ಲ. ಕ್ರೀಮಿನದು ಇನ್ನೂ ಕಷ್ಟ. ಅದು ಫ್ರೀಜರಿನಲ್ಲಿ ಕಲ್ಲಿನ ಹಾಗೆ ಇರುತ್ತದೆ. ಹಿಂದಿನ ದಿನವೇ ಫ್ರಿಡ್ಜಿನ ಕೆಳಗಿನ ಖಾನೆಗೆ ಇಳಿಸಿ ನಿಧಾನವಾಗಿ ಕರಗಿಸಬೇಕು. 24 ಪ್ಯಾಕೆಟ್ಟನ್ನೂ ಇಳಿಸಿಯಾಗಿತ್ತು, ಅರ್ಧ ನಮ್ಮ ಫ್ರಿಡ್ಜಿನಲ್ಲಿ, ಅರ್ಧ ಪಕ್ಕದ ಮನೆಯಲ್ಲಿ. 850ಕ್ಕೆ 17 ಸಾಕಾಯಿತು. ಏಳು ಉಳಿಯಿತು. ಒಮ್ಮೆ ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸುವ ಹಾಗಿಲ್ಲ. ಆ ವಾರ ಬಂದ ಚಿಕ್ಕ ಆರ್ಡರ್‌ಗಳಿಗೆ ಮೂರು ಖರ್ಚಾಯಿತು, ನಾಲ್ಕನ್ನು ಚೆಲ್ಲಿದೆ.

ಶುಕ್ರವಾರ ರಾತ್ರಿ ಎರಡು ಗಂಟೆಗೆ ಎದ್ದು ಕ್ರೀಮ್ ಹಾಕಲು ಕೂತೆ. ಒಂದಕ್ಕೆ 20 ಸೆಕೆಂಡ್ ಹಿಡಿದರೂ 850ಕ್ಕೆ ಐದು ಗಂಟೆ ಹತ್ತಿರ ಆಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಬಲಗೈ ಮಣಿಕಟ್ಟು ಊದಿಕೊಂಡಿತ್ತು. 71 ಡಬ್ಬಿಯನ್ನು ಏಸಿ ಹಾಕಿದ ವ್ಯಾನಿನಲ್ಲಿ, ಒಂದರ ಮೇಲೆ ಮೂರಕ್ಕಿಂತ ಜಾಸ್ತಿ ಇಡದೆ, ಹಂಪ್ ಬಂದಾಗಲೆಲ್ಲ ನಿಲ್ಲಿಸಿ ನಿಲ್ಲಿಸಿ ತಗೊಂಡು ಹೋದೆವು. ಒಂದೂ ಬೀಳಲಿಲ್ಲ, ಒಂದೂ ಕೆಡಲಿಲ್ಲ. ಹತ್ತೂಕಾಲಿಗೆ ಇಳಿಸಿ ಸಹಿ ಹಾಕಿಸಿಕೊಂಡೆ. ಮಕ್ಕಳು ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿದೆ. ಚೆನ್ನಾಗಿತ್ತು ಅಂತ ಇಬ್ಬರು ಮೇಷ್ಟ್ರು ಬಂದು ಹೇಳಿದರು. ಆ ಮಾತು ನನಗೆ ಈಗಲೂ ಬೇಕು.

ದುಡ್ಡು ಬಂದದ್ದು ಜುಲೈಯಲ್ಲಿ. ನಾಲ್ಕೂವರೆ ತಿಂಗಳು. ಮೊದಲು ಬಿಲ್ ಅಕೌಂಟ್ಸ್‌ಗೆ ಹೋಗಿದೆ ಅಂದರು. ಆಮೇಲೆ ಸಹಿ ಹಾಕುವವರು ರಜೆ ಅಂದರು. ಆಮೇಲೆ ಮಾರ್ಚ್ ಮುಗಿಯಲಿ ಅಂದರು. ಏಪ್ರಿಲ್‌ನಲ್ಲಿ ನಾನೇ ಹೋದೆ. ಒಂದೂವರೆ ಗಂಟೆ ಕೂರಿಸಿದರು. ಕೊನೆಗೆ ದುಡ್ಡು ಬಂದಾಗ ಅದರಲ್ಲಿ 2,750 ರೂಪಾಯಿ ಮುರಿದುಕೊಂಡಿದ್ದರು. ಕೇಳಿದರೆ ನೀಲಿ ಬಣ್ಣ ಗಾಢವಾಗಿತ್ತಂತೆ. ಕ್ರೀಮಿಗೆ ಹಾಕಿದ ಬಣ್ಣ ಕೆಲವು ಗಂಟೆಯಲ್ಲಿ ಸ್ವಲ್ಪ ಗಾಢವಾಗುತ್ತದೆ. ಅದನ್ನು ಮೊದಲೇ ತಿಳಿಸಿ, ಒಂದು ಕಪ್‌ಕೇಕ್ ಮಾಡಿ, ಸಂಜೆಯ ತನಕ ಇಟ್ಟು ಫೋಟೋ ಕಳಿಸಿ ಒಪ್ಪಿಗೆ ತಗೊಂಡಿದ್ದೆ. ಅದನ್ನು ತೋರಿಸಿದೆ. 'ಈಗ ಪಾಸಾಗಿ ಹೋಗಿದೆ, ಏನು ಮಾಡೋಕಾಗಲ್ಲ' ಅಂದರು.

850ಕ್ಕೆ 29,750 ಬರಬೇಕಿತ್ತು. ಒಟ್ಟು ಕೈಗೆ ಸಿಕ್ಕಿದ್ದು 27 ಸಾವಿರ. ಸಾಮಾನು, ಡಬ್ಬಿ, ಕೂಲಿ, ವ್ಯಾನ್ ಬಾಡಿಗೆ ಎಲ್ಲ ಸೇರಿ ನನ್ನ ಖರ್ಚು 18 ಸಾವಿರದ ಮೇಲೆ. ಒಂದು ವಾರ ಮನೆಮಂದಿಯೆಲ್ಲ ದುಡಿದದ್ದಕ್ಕೆ ಉಳಿದದ್ದು 8 ಸಾವಿರ ಚಿಲ್ಲರೆ. ಅದರಲ್ಲೂ ಸಂಘದ ಸಾಲಕ್ಕೆ ಐದು ತಿಂಗಳ ಬಡ್ಡಿ ಹೋಯಿತು. ಸಂಘದಲ್ಲಿ ಎಲ್ಲರೂ ನನ್ನ ಹಾಗೇ ಇರುವವರು. ಒಬ್ಬಳು ಹೂ ಕಟ್ಟುತ್ತಾಳೆ, ಒಬ್ಬಳು ಬ್ಲೌಸ್ ಹೊಲಿಯುತ್ತಾಳೆ. ನನ್ನ ಕಂತು ತಡವಾದರೆ ಇನ್ನೊಬ್ಬಳ ಸಾಲ ತಡವಾಗುತ್ತದೆ. ಮಾರ್ಚ್ ಮೀಟಿಂಗಿನಲ್ಲಿ ತಲೆ ಎತ್ತಿ ಕೂರಲು ನನಗಾಗಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಅದು.

ಹಾಗಂತ ಎಲ್ಲರೂ ಹೀಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಏಳು ವರ್ಷದಲ್ಲಿ ಒಂದು ಕೆ.ಜಿ. ಕೇಕ್ ತಗೊಂಡ ಯಾರೂ ನನಗೆ ಬಾಕಿ ಉಳಿಸಿಲ್ಲ. ಬಾಗಿಲಲ್ಲಿ ನಿಂತೇ ದುಡ್ಡು ಹಾಕಿ ಹೋಗುತ್ತಾರೆ. ಆರ್ಡರ್ ದೊಡ್ಡದಾದ ಹಾಗೆ ದುಡ್ಡು ಕೊಡುವುದು ನಿಧಾನವಾಗುತ್ತದೆ. ಆರ್ಡರ್ ಕೊಡುವವರು ಒಬ್ಬರು, ಲೆಕ್ಕ ಬದಲಿಸುವವರು ಇನ್ನೊಬ್ಬರು, ಬಿಲ್ಲಿಗೆ ಸಹಿ ಹಾಕುವವರು ಮತ್ತೊಬ್ಬರು. ಯಾರಿಗೂ ನಮ್ಮ ಅಡುಗೆಮನೆ ಕಾಣುವುದಿಲ್ಲ.

ನಮ್ಮಲ್ಲಿ ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ ಏನು ಮಾಡುತ್ತೇವೆ? ವೀಳ್ಯದೆಲೆ, ಅಡಿಕೆ, ಅದರ ಮೇಲೆ ಮುಂಗಡ ಇಟ್ಟು ಕೊಡುತ್ತೇವೆ. ವೀಳ್ಯ ಕೊಟ್ಟ ಮೇಲೆ ಮಾತು ಮುಗಿಯಿತು. ಅವರು ಬೇರೆ ಮದುವೆ ಒಪ್ಪುವುದಿಲ್ಲ, ನಾವು ಬೇರೆಯವರನ್ನು ಕರೆಯುವುದಿಲ್ಲ. ಎಷ್ಟು ಎಲೆ ಅಂತ ಮೊದಲೇ ಹೇಳುತ್ತೇವೆ. ಅದಕ್ಕಿಂತ ಜನ ಕಡಿಮೆ ಬಂದರೂ ಹೇಳಿದಷ್ಟು ಎಲೆಗೆ ದುಡ್ಡು ಕೊಡುತ್ತೇವೆ. ವಾಲಗದವರಿಗೆ, ಶಾಮಿಯಾನದವರಿಗೆ, ಚೌಲ್ಟ್ರಿಗೆ ಎಲ್ಲರಿಗೂ ಮುಂಗಡ ಉಂಟು. ಸಿಹಿ ಅಂಗಡಿಗೆ ಹೋಗಿ ಐವತ್ತು ಕೆ.ಜಿ. ಮೈಸೂರು ಪಾಕ್ ಬೇಕು ಅಂದರೆ ಅಡ್ವಾನ್ಸ್ ಇಲ್ಲದೆ ಬಾಣಲೆ ಒಲೆ ಮೇಲೆ ಏರುವುದಿಲ್ಲ, ಅದನ್ನು ಯಾರೂ ತಪ್ಪು ಅನ್ನುವುದೂ ಇಲ್ಲ. ಮನೆಯಲ್ಲಿ ಕೂತು ಮಾಡುವ ಹೆಂಗಸು ಕೇಳಿದಾಗ ಮಾತ್ರ 'ನಮ್ಮ ಮೇಲೆ ನಂಬಿಕೆ ಇಲ್ವಾ' ಅನ್ನುವ ಮಾತು ಬರುತ್ತದೆ. ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಊರು ನಮ್ಮದು. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಅನ್ನ, ಹಿಟ್ಟು, ಬ್ರೆಡ್ಡು ಇವುಗಳ ಮೇಲೆ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ. ಅಂಥ ಊರಿನಲ್ಲೇ ಹಿಟ್ಟಿನ ಕೆಲಸವನ್ನು ಕೆಲಸ ಅಂತ ಲೆಕ್ಕಕ್ಕೆ ಹಿಡಿಯದಿದ್ದರೆ ಹೇಗೆ?

ನನ್ನ ಹಾಗೆ ಮನೆಯಲ್ಲಿ ಮಾಡುವವರಿಗೂ ಒಂದು ಮಾತು. ನನಗೆ ಇದು ಜೂನ್‌ನಲ್ಲಿ ಗೊತ್ತಾಯಿತು, ಜನವರಿಯಲ್ಲಿ ಗೊತ್ತಿದ್ದರೆ ಚೆನ್ನಾಗಿತ್ತು. ಸಣ್ಣ ಉದ್ದಿಮೆಗಳಿಗೆ 2006ರ ಒಂದು ಕಾಯ್ದೆ ಇದೆ, ಎಂಎಸ್‌ಎಂಇಡಿ ಕಾಯ್ದೆ ಅಂತ. ನಮ್ಮಿಂದ ಸಾಮಾನು ತಗೊಂಡವರು ಬರಹದಲ್ಲಿ ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು. ಆ ಗಡುವು 45 ದಿನ ಮೀರುವ ಹಾಗಿಲ್ಲ. ಬರಹದಲ್ಲಿ ಏನೂ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಅದಕ್ಕೆ ಉದ್ಯಮ್ ನೋಂದಣಿ ಬೇಕು, ಅಂದರೆ ನಮ್ಮದು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಬರೆಸಿಕೊಳ್ಳುವುದು. 2020ರ ಜುಲೈಯಿಂದ ಅದು ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ. ಮಾಡಿಸಿಕೊಡುತ್ತೇವೆ ಅಂತ ಸಾವಿರ ಎರಡು ಸಾವಿರ ಕೇಳುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ನಾನು ಫೆಬ್ರವರಿಯಲ್ಲಿ ಮಾಡಿಸಿರಲಿಲ್ಲ. ದೊಡ್ಡ ಆರ್ಡರ್ ಒಪ್ಪುವ ಮೊದಲೇ ಮಾಡಿಸಿಕೊಳ್ಳಿ. ನನ್ನ ಮಗಳು ಮೊಬೈಲ್‌ನಲ್ಲೇ ಅರ್ಧ ಗಂಟೆಯಲ್ಲಿ ಮುಗಿಸಿದಳು.

ಮತ್ತೆ, ಎಲ್ಲವನ್ನೂ ಬರೆದು ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಆದರೂ ಸರಿ. ಎಷ್ಟು, ಯಾವ ಬಣ್ಣ, ಯಾವ ದಿನ, ಲೆಕ್ಕ ಬದಲಿಸಲು ಕೊನೆಯ ದಿನ ಯಾವುದು, ಆಮೇಲೆ ಕಡಿಮೆ ಮಾಡಿದರೂ ಪೂರ್ತಿ ದುಡ್ಡು. ಅವರಿಂದ 'ಓಕೆ' ಬರುವ ತನಕ ಸಂತೆಪೇಟೆಗೆ ಹೋಗಬೇಡಿ. ಅರ್ಧ ಮುಂಗಡ ಬರದಿದ್ದರೆ ಒಪ್ಪಬೇಡಿ. ಆರ್ಡರ್ ಬೇರೆಯವರಿಗೆ ಹೋಗುತ್ತೆ ಅನ್ನುವ ಹೆದರಿಕೆ ನನಗೂ ಇದೆ. ಅದಕ್ಕೇ ಈ ಮಾತನ್ನು ಒಬ್ಬಳೇ ನನ್ನ ಗಿರಾಕಿಗಳಿಗೆ ಹೇಳದೆ ಪೇಪರಿನಲ್ಲಿ ಬರೆಯುತ್ತಿರುವುದು. ಮೈಸೂರಿನಲ್ಲಿ ನಾವೆಲ್ಲ ಒಟ್ಟಿಗೆ ಇದನ್ನೇ ಕೇಳಿದರೆ, ಮುಂಗಡ ಇಲ್ಲದೆ ಮಾಡಿಕೊಡುವವರು ಸಿಗುತ್ತಾರೆ ಅಂತ ಯಾರೂ ಮುಂದಿನ ಮನೆಗೆ ಹೋಗುವುದಿಲ್ಲ ಅಲ್ವಾ?

ಸಂಸ್ಥೆಗಳಲ್ಲಿ ಫಂಕ್ಷನ್ ಜವಾಬ್ದಾರಿ ಹೊತ್ತಿರುವ ಮೇಷ್ಟ್ರು, ಮೇಡಂ, ಮ್ಯಾನೇಜರ್ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ನಿಮ್ಮ ಅಕೌಂಟ್ಸ್‌ನವರ ಹತ್ತಿರ ಮೊದಲೇ ಮಾತಾಡಿ. ಅರ್ಧ ಮುಂಗಡ ಕೊಡಲು ಆಗುತ್ತಾ ಅಂತ ಕೇಳಿ. ಆಗದಿದ್ದರೆ ಆಗಲ್ಲ ಅಂತ ನಮಗೆ ಹೇಳಿಬಿಡಿ. ಆಗ ಒಪ್ಪುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ಜನ ಎಷ್ಟು ಬರುತ್ತಾರೆ ಅನ್ನುವ ಅನುಮಾನ ಇದ್ದರೆ ಕಡಿಮೆಯೇ ಹೇಳಿ. ಒಂದು ವಾರ ಇದ್ದರೆ ನೂರು ಜಾಸ್ತಿ ಮಾಡುವುದು ನಮಗೆ ಕಷ್ಟವಲ್ಲ. ಬೆಂದದ್ದನ್ನು ವಾಪಸ್ ಹಿಟ್ಟು ಮಾಡಲು ಆಗುವುದಿಲ್ಲ.

ಹೋದ ಸೋಮವಾರ ಒಂದು ಸ್ಕೂಲಿನ ಮೇಡಂ ಫೋನ್ ಮಾಡಿದ್ದರು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ 480 ಕಪ್‌ಕೇಕ್. ನನ್ನ ಕರಾರನ್ನು ಅವರಿಗೆ ಓದಿ ಹೇಳಿದೆ, ಅರ್ಧ ಮುಂಗಡ, ಡಿಸೆಂಬರ್ 12ಕ್ಕೆ ಲೆಕ್ಕ ಬಂದ್. ಸ್ವಲ್ಪ ಹೊತ್ತು ಸುಮ್ಮನಿದ್ದರು. ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ ಅಂದರು. ಬುಧವಾರ ಸಂಜೆ 8,400 ರೂಪಾಯಿ ಬಂತು. 480ಕ್ಕೆ 20 ಸುತ್ತು, 10 ಗಂಟೆ. ಈ ಸಲ ಅತ್ತೆ ಮನೆಯಲ್ಲೇ ಮಲಗಬಹುದು.

ಇಂತಿ,
ಮನೆಯಲ್ಲೇ ಕೇಕ್ ಮಾಡುವ ಒಬ್ಬ ಗೃಹಿಣಿ
ಕುವೆಂಪುನಗರ, ಮೈಸೂರು